ಹಳೆ ಮಸ್ಟಾಂಗ್‌ಗೆ ಹೊಸ ಸಸ್ಪೆನ್ಷನ್ ಹಾಕಿಸಬೇಕಾ?

"ನಿಮ್ಮ ಕಾರಿಗೆ ಹಾಕಿದ್ದೀರಲ್ಲ, ನಾನೂ ಹಾಕಿಸಲಾ?" ಹಳೆ ಅಮೆರಿಕನ್ ಕಾರು ಇಟ್ಟುಕೊಂಡಿರುವ ಗೆಳೆಯರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ನಾನಿರುವುದು ಮಿಷಿಗನ್‌ನಲ್ಲಿ. ನನ್ನದು 1966ರ ಫೋರ್ಡ್ ಮಸ್ಟಾಂಗ್, 289 ವಿ8 ಇಂಜಿನ್. ಅದರ ಹಿಂದಿನ ಗಟ್ಟಿ ಆಕ್ಸಲ್ ತೆಗೆದು, ಎರಡು ಚಕ್ರಗಳೂ ತಮ್ಮ ಪಾಡಿಗೆ ಮೇಲೆ ಕೆಳಗೆ ಆಡುವ ಇಂಡಿಪೆಂಡೆಂಟ್ ರಿಯರ್ ಸಸ್ಪೆನ್ಷನ್, ಅಂದರೆ ಐಆರ್‌ಎಸ್, ಹಾಕಿದ್ದೇನೆ. ಹಾಕಿದ್ದಕ್ಕೆ ತುಂಬಾ ಖುಷಿ ಇದೆ. ಆದರೂ ಕೇಳಿದವರಿಗೆಲ್ಲ "ಹಾಕಿಸಿ" ಎನ್ನುವುದಿಲ್ಲ. ಮೊದಲು ಕಾರಿನ ಅಡಿ ನೋಡೋಣ ಎನ್ನುತ್ತೇನೆ.

ಅಂಬಾಸಿಡರ್ ಕಾರಿನ ಹಿಂದೆ ಬಗ್ಗಿ ನೋಡಿದವರಿಗೆ ಹಳೆ ಮಸ್ಟಾಂಗ್‌ನ ವ್ಯವಸ್ಥೆ ಹೊಸದಲ್ಲ. ಒಂದು ಉದ್ದದ ಕಬ್ಬಿಣದ ಹೌಸಿಂಗ್, ಮಧ್ಯೆ ಇಂಜಿನ್ನಿನ ಬಲವನ್ನು ಎರಡೂ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್, ಎರಡೂ ಕಡೆ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್. ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದೂ ವಾಲುತ್ತದೆ. ಡಿಫರೆನ್ಷಿಯಲ್‌ನ ಅಷ್ಟೂ ತೂಕ ಚಕ್ರದ ಜೊತೆಗೇ ಎದ್ದು ಬೀಳುತ್ತದೆ. ಚಳಿಗಾಲ ಮುಗಿದ ಮೇಲೆ ಮಿಷಿಗನ್ ರಸ್ತೆಗಳಲ್ಲಿ ಗುಂಡಿಗಳಿಗೆ ಬರವಿಲ್ಲ. ತಿರುವಿನಲ್ಲಿ ಒಂದು ಗುಂಡಿ ಸಿಕ್ಕಿದರೆ ಸಾಕು, ಕಾರಿನ ಹಿಂಭಾಗ ಪಕ್ಕಕ್ಕೆ ಜಿಗಿಯುತ್ತಿತ್ತು. ಐಆರ್‌ಎಸ್‌ನಲ್ಲಿ ಡಿಫರೆನ್ಷಿಯಲ್ ಕಾರಿನ ಬಾಡಿಯಲ್ಲೇ ಬಿಗಿಯಾಗಿ ಕೂತಿರುತ್ತದೆ. ಚಕ್ರದ ಜೊತೆ ಆಡುವ ತೂಕ ತುಂಬಾ ಕಡಿಮೆ.

ಇದು ಹೊಸ ಆಲೋಚನೆಯೇನೂ ಅಲ್ಲ. 1961ರ ಜಾಗ್ವಾರ್ ಇ-ಟೈಪ್‌ಗೆ, 1963ರ ಕಾರ್ವೆಟ್‌ಗೆ ಐಆರ್‌ಎಸ್ ಇತ್ತು. 1960ರ ದಶಕದಲ್ಲಿ ಫೋರ್ಡ್ ಕೂಡ ಮಸ್ಟಾಂಗ್‌ಗೆ ಒಂದನ್ನು ಮಾಡಿ ನೋಡಿತ್ತು, ಮಾರುಕಟ್ಟೆಗೆ ತರಲಿಲ್ಲ. ಮಸ್ಟಾಂಗ್‌ನದೇ ಜೋರು ಆವೃತ್ತಿಯಾದ ಕೋಬ್ರಾಕ್ಕೆ 1999ರ ಮಾದರಿಯಲ್ಲಿ ಬಂತು. ಎಲ್ಲ ಮಸ್ಟಾಂಗ್‌ಗಳಿಗೂ ಬರಲು 2015ರ ಮಾದರಿಯವರೆಗೆ ಕಾಯಬೇಕಾಯಿತು.

ಇನ್ನೊಂದು ಲಾಭವೂ ಇದೆ. ಗಟ್ಟಿ ಆಕ್ಸಲ್‌ನಲ್ಲಿ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬಲ ತರುವ ಪ್ರೊಪೆಲ್ಲರ್ ಶಾಫ್ಟ್ ತಿರುಗುವಾಗ ಇಡೀ ಹೌಸಿಂಗನ್ನೇ ಪಕ್ಕಕ್ಕೆ ಹೊರಳಿಸಲು ನೋಡುತ್ತದೆ. ಎಡ ಚಕ್ರ ನೆಲಕ್ಕೆ ಒತ್ತುತ್ತದೆ, ಬಲ ಚಕ್ರ ಹಗುರಾಗುತ್ತದೆ. ಜೋರಾಗಿ ಆಕ್ಸಿಲರೇಟರ್ ತುಳಿದರೆ ಬಲಗಡೆ ಟೈರ್ ಮೊದಲು ಜಾರುವುದು ಅದಕ್ಕೇ. ಡಿಫರೆನ್ಷಿಯಲ್ ಕಾರಿನ ಬಾಡಿಯಲ್ಲಿ ಕೂತರೆ ಈ ಹೊರಳಾಟ ಚಕ್ರಕ್ಕೆ ತಲುಪುವುದಿಲ್ಲ.

ಆದರೆ ಆ ಬಲ ಮಾಯವಾಗುವುದಿಲ್ಲ ಅಲ್ವಾ? ಎಲ್ಲಿಗೆ ಹೋಗುತ್ತದೆ? ಹಾಕಿಸಬೇಕೋ ಬೇಡವೋ ಎನ್ನುವುದು ನಿಂತಿರುವುದೇ ಇದರ ಮೇಲೆ. ಮೊದಲ ಗೇರಿನಲ್ಲಿ ಇಂಜಿನ್ನಿನ ಬಲ ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎರಡನ್ನೂ ದಾಟುವಷ್ಟರಲ್ಲಿ ಎಂಟು ಪಟ್ಟಿನ ಹತ್ತಿರ ಬರುತ್ತದೆ. ಚಕ್ರ ಮುಂದಕ್ಕೆ ತಿರುಗಿದಷ್ಟೂ ಡಿಫರೆನ್ಷಿಯಲ್‌ನ ಮೂತಿ, ಅಂದರೆ ಶಾಫ್ಟ್ ಬಂದು ಸೇರುವ ಮುಂಭಾಗ, ಮೇಲಕ್ಕೆ ಏಳಲು ನೋಡುತ್ತದೆ. ಹಳೆ ವ್ಯವಸ್ಥೆಯಲ್ಲಿ ಲೀಫ್ ಸ್ಪ್ರಿಂಗ್ ತಾನೇ ಬಾಗಿ ಆ ಏಟು ತಿನ್ನುತ್ತಿತ್ತು. ಐಆರ್‌ಎಸ್‌ನಲ್ಲಿ ಅದನ್ನು ತಡೆಯಬೇಕಾದದ್ದು ಸಬ್‌ಫ್ರೇಮ್ (ಇದನ್ನೆಲ್ಲ ಹೊರುವ ಚೌಕಟ್ಟು) ಕೂರಿಸಿದ ನಾಲ್ಕಾರು ಜಾಗಗಳು. ಈ ಮಸ್ಟಾಂಗ್‌ಗೆ ಬೇರೆ ಚಾಸಿಸ್ ಇಲ್ಲ, ಅಡಿಯಲ್ಲಿ ಉದ್ದಕ್ಕೆ ಹೋಗುವ, ತಗಡನ್ನು ಮಡಚಿ ಮಾಡಿದ ರೇಲ್‌ಗಳೇ ಎಲ್ಲ. ಡಿಫರೆನ್ಷಿಯಲ್ ಹಿಡಿದುಕೊಳ್ಳಲಿ ಎಂದು ಅವನ್ನು ಯಾರೂ ಮಾಡಿರಲಿಲ್ಲ. ಜೊತೆಗೆ ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹೊರಗೆ ಫಳಫಳ ಹೊಳೆಯುವ ಕಾರಿನ ರೇಲ್ ಒಳಗಿಂದ ತುಕ್ಕು ತಿಂದಿರುತ್ತದೆ. ಅಂಥ ರೇಲ್‌ಗೆ ಐಆರ್‌ಎಸ್ ಕೂರಿಸಿದರೆ ಬೋಲ್ಟ್ ಸುತ್ತಲಿನ ತಗಡೇ ಹರಿಯುತ್ತದೆ. ನಾನು ರೇಲ್‌ಗಳನ್ನು ಬದಲಿಸಿ, ಮುಂದಿನ ರೇಲ್‌ಗೂ ಹಿಂದಿನದಕ್ಕೂ ಮಧ್ಯೆ ಕನೆಕ್ಟರ್ ವೆಲ್ಡ್ ಮಾಡಿಸಿದೆ. ಸಸ್ಪೆನ್ಷನ್‌ಗಿಂತ ಇದಕ್ಕೇ ಜಾಸ್ತಿ ದಿನ ಹಿಡಿಯಿತು.

ಆಮೇಲೆ ಅಗಲದ ಲೆಕ್ಕ. 1966ರ ಕಾರಿನ ಹಿಂದಿನ ಚಕ್ರಗಳ ನಡುವಿನ ಅಂತರ 56 ಇಂಚು. ಹೊಸ ಮಸ್ಟಾಂಗ್‌ಗಳದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಎಂದು ಅವುಗಳ ಐಆರ್‌ಎಸ್ ತಂದರೆ ಟೈರ್ ಫೆಂಡರ್ ಆಚೆ ನಿಲ್ಲುತ್ತದೆ. ಹಳೆ ಜಾಗ್ವಾರ್ ಎಕ್ಸ್‌ಜೆ6ರ ಸೆಟ್ ತರುವವರೂ ಇದ್ದಾರೆ. ಅದರ ಬ್ರೇಕ್ ಡಿಸ್ಕ್ ಇರುವುದು ಡಿಫರೆನ್ಷಿಯಲ್ ಪಕ್ಕದಲ್ಲಿ. ಆ ಬಿಸಿಗೆ ಆಯಿಲ್ ಸೀಲ್ ಒಣಗಿ ಸೋರುತ್ತದೆ, ಪ್ಯಾಡ್ ಬದಲಿಸಲೂ ಕಾರಿನ ಅಡಿಗೇ ತೂರಬೇಕು. ಈ ಕಾರಿನ ಅಳತೆಗೇ ಮಾಡಿದ ಕಿಟ್ ತರುವುದು ಒಳ್ಳೆಯದು. ದುಬಾರಿ, ನಿಜ. ಸೈಲೆನ್ಸರ್ ಪೈಪ್, ಹ್ಯಾಂಡ್‌ಬ್ರೇಕ್ ಕೇಬಲ್ ಆಗಲೂ ಹೊಸದಾಗಿ ಮಾಡಿಸಲೇಬೇಕು.

ನನಗೆ ಒಂದು ವಿಷಯದಲ್ಲಿ ಪೆಟ್ಟು ಬಿತ್ತು. ಎಲ್ಲ ಮುಗಿಸಿ ಹೈವೇಗೆ ಹೋದೆ. 90 ಕಿಲೋಮೀಟರ್ ವೇಗ ದಾಟಿದ್ದೇ ತಡ, ಸೀಟಿನ ಅಡಿಯಿಂದ ಗುಂಯ್ ಎಂದು ನಡುಕ. ಚಕ್ರ ಬ್ಯಾಲೆನ್ಸ್ ಮಾಡಿಸಿದೆ, ಶಾಫ್ಟ್ ಬ್ಯಾಲೆನ್ಸ್ ಮಾಡಿಸಿದೆ, ಹೋಗಲಿಲ್ಲ. ಮೂರು ವಾರದ ಮೇಲೆ ಶಾಫ್ಟಿನ ಎರಡೂ ತುದಿಯ ಕೋನ ಅಳೆದೆ. ಗೇರ್‌ಬಾಕ್ಸಿನ ಬಾಲ 3 ಡಿಗ್ರಿ ಕೆಳಕ್ಕೆ, ಡಿಫರೆನ್ಷಿಯಲ್ ಮೂತಿ ಬರೀ 1 ಡಿಗ್ರಿ ಮೇಲಕ್ಕೆ. ಲೀಫ್ ಸ್ಪ್ರಿಂಗ್ ಇದ್ದಾಗ ಮೂತಿಯನ್ನು ಬೇಕೆಂದೇ ಸ್ವಲ್ಪ ಕೆಳಗಿಡುತ್ತಾರೆ, ಗಾಡಿ ಎಳೆಯುವಾಗ ಅದು ಮೇಲೇಳುತ್ತದೆ ಅಂತ. ನಾನು ಅದೇ ಲೆಕ್ಕ ಹಿಡಿದಿದ್ದೆ. ಐಆರ್‌ಎಸ್‌ನಲ್ಲಿ ಮೂತಿ ಏಳುವುದಿಲ್ಲ, ಎರಡೂ ಕೋನ ಸಮ ಇರಬೇಕು. ತೆಳು ಪ್ಲೇಟ್ ಕೊಟ್ಟು ಸರಿ ಮಾಡಿದೆ, ನಡುಕ ನಿಂತಿತು.

ಡ್ರ್ಯಾಗ್ ರೇಸ್, ಅಂದರೆ ನಿಂತಲ್ಲಿಂದ ನೇರ ದಾರಿಯ ಓಟ, ಮಾಡುವವರಿಗೆ ಗಟ್ಟಿ ಆಕ್ಸಲ್ಲೇ ಸರಿ. ಕಾರು ಹಿಂದಕ್ಕೆ ಕುಕ್ಕರಿಸಿದರೂ ಅದರ ಟೈರ್ ನೆಟ್ಟಗೆ ನಿಲ್ಲುತ್ತದೆ. 2003ರ ಕೋಬ್ರಾ ಕಾರಿನ ಐಆರ್‌ಎಸ್ ಕಿತ್ತು ಗಟ್ಟಿ ಆಕ್ಸಲ್ ಹಾಕಿಕೊಂಡವರಿದ್ದಾರೆ. ಭಾನುವಾರ ಸುಮ್ನೆ ಒಂದು ಸುತ್ತು ಹೋಗಿ ಬರುವವರಿಗೆ ಹೊಸ ಲೀಫ್ ಸ್ಪ್ರಿಂಗ್, ಹೊಸ ಬುಷ್, ಒಳ್ಳೆ ಶಾಕ್ ಅಬ್ಸಾರ್ಬರ್ ಧಾರಾಳ ಸಾಕು. ಐವತ್ತು ವರ್ಷದ ಸ್ಪ್ರಿಂಗ್ ಮೇಲೆ ಓಡಿಸಿ "ಹಳೆ ಡಿಸೈನ್ ಸರಿಯಿಲ್ಲ" ಅನ್ನುವುದು ಆ ಕಾರಿಗೆ ಮಾಡುವ ಅನ್ಯಾಯ.

ಬೆಟ್ಟದ ತಿರುವುಗಳಲ್ಲಿ ಓಡಿಸುವವರು, ಹಾಳು ರಸ್ತೆಯಲ್ಲಿ ನೂರಾರು ಮೈಲಿ ಹೋಗುವವರು ಖಂಡಿತ ಹಾಕಿಸಿ. ಕಿಟ್ ಆರ್ಡರ್ ಮಾಡುವ ಮೊದಲು ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ. ಹಿಂದಿನ ರೇಲ್‌ಗಳ ಉದ್ದಕ್ಕೂ ಸ್ಕ್ರೂಡ್ರೈವರ್‌ನಿಂದ ಜೋರಾಗಿ ಚುಚ್ಚಿ ನೋಡಿ. ಎಲ್ಲಾದರೂ ಒಳಗೆ ಹೋದರೆ, ಮೊದಲ ದುಡ್ಡು ಅಲ್ಲಿಗೆ.