‘ಹಿಂಗೆ ಕಿರುಚಿದ್ರೆ ಗಂಟಲು ಹೋಗಲ್ವಾ?’

ಹಾಸನ, ಚಿಕ್ಕಮಗಳೂರು ಕಡೆಯ ಹುಡುಗ ಹುಡುಗಿಯರು ನಮ್ಮನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ‘ಮೆಟಲ್ ಕೇಳಿ ಕೇಳಿ ಹುಚ್ಚು ಹಿಡಿದಿದೆ, ಬ್ಯಾಂಡಿಗೆ ಹಾಡಬೇಕು. ಊರಲ್ಲೇ ಇದ್ದು ಕಲಿಯೋಕಾಗುತ್ತಾ? ಹಿಂಗೆ ಕಿರುಚಿದ್ರೆ ಗಂಟಲು ಹೋಗಲ್ವಾ?’ ಊರಲ್ಲೇ ಇದ್ದು ಕಲಿಯಬಹುದು. ಕಿರುಚಿದರೆ ಗಂಟಲು ಖಂಡಿತ ಹೋಗುತ್ತದೆ. ಆದರೆ ಮೆಟಲ್ ಎಂಬ ಈ ಅಬ್ಬರದ ರಾಕ್ ಸಂಗೀತದ ಒಳ್ಳೆಯ ಗಾಯಕರು ಕಿರುಚುವುದೇ ಇಲ್ಲ. ಅಭಿಮಾನಿಯೊಬ್ಬ ಗಾಯಕನಾಗಬೇಕಾದರೆ ಮೊದಲು ಕಿವಿಗೆ ಕೂರಬೇಕಾದ ಸಂಗತಿ ಇದು. ಸ್ಪೀಕರಿನಲ್ಲಿ ಸಿಡಿಲಿನಂತೆ ಕೇಳುವ ದನಿ, ಪಕ್ಕದಲ್ಲಿ ನಿಂತು ಮೈಕಿಲ್ಲದೆ ಕೇಳಿದರೆ ಎಷ್ಟೋ ಸಲ ಜೋರು ಮಾತಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆ ಸದ್ದನ್ನು ದೊಡ್ಡದು ಮಾಡುವುದು ಮೈಕು. ಅದರ ಒರಟುತನ ಮಾತ್ರ ಗಾಯಕರ ಕೆಲಸ.

ಆ ಒರಟುತನ ಬರುವುದು ಎಲ್ಲಿಂದ? ಗಂಟಲಲ್ಲಿ ಮಾತಿಗೆ ಬಳಸುವ ಎರಡು ಧ್ವನಿತಂತುಗಳ ಮೇಲೆ ಇನ್ನೊಂದು ಜೊತೆ ದಪ್ಪ ಮಡಿಕೆಗಳಿವೆ. ಇವನ್ನು ಹುಸಿ ತಂತು ಅನ್ನೋಣ. ಕೆಮ್ಮುವಾಗ, ನುಂಗುವಾಗ, ಅಕ್ಕಿ ಮೂಟೆ ಎತ್ತುವಾಗ ಮುಚ್ಚಿಕೊಳ್ಳುವುದು ಇವೇ. ಉಸಿರು ಹಾಯುವಾಗ ಇವು ಹದವಾಗಿ ಹತ್ತಿರ ಬಂದು ತಾವೂ ನಡುಗಿದರೆ ಗ್ರೌಲ್, ಅಂದರೆ ಮೆಟಲ್‌ನ ಆ ಒರಟು ಗುಡುಗು ದನಿ, ಹುಟ್ಟುತ್ತದೆ. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಗ್ಯುಡ್‌ಮೆಡ್ ಎಂಬ ಟಿಬೆಟನ್ ಮಠವಿದೆ. ಅಂಥ ತಾಂತ್ರಿಕ ಮಠಗಳ ಪಾತಾಳದಿಂದ ಬಂದಂತಹ ಮಂತ್ರಪಠಣದ ಗುಟ್ಟೂ ಇದೇ. ಕೆಳಗಿನ ತಂತು ಸೆಕೆಂಡಿಗೆ 140 ಸಲ ನಡುಗಿದರೆ ಹುಸಿ ತಂತು 70 ಸಲ ನಡುಗುತ್ತದೆ, ನಮ್ಮ ಕಿವಿಗೆ ಒಂದು ಸ್ಥಾಯಿ ಕೆಳಗೆ ಕೇಳುತ್ತದೆ. ಕೊಪ್ಪ, ಶೃಂಗೇರಿ ಕಡೆ ಯಕ್ಷಗಾನ ಮೇಳದ ಆಟ ನೋಡಿದವರು ರಾಕ್ಷಸ ಪಾತ್ರದ ಬಣ್ಣದ ವೇಷದ ಆರ್ಭಟ ನೆನಪಿಸಿಕೊಳ್ಳಿ. ದೀಪಾವಳಿ ಕಳೆದ ಮೇಲಿಂದ ಮೇ ಕೊನೆಯ ಪತ್ತನಾಜೆವರೆಗೆ ತಿರುಗಾಟದಲ್ಲಿ ರಾತ್ರಿ ರಾತ್ರಿ ಅಬ್ಬರಿಸುವ ಕಲಾವಿದರು ಗಂಟಲು ಹರಿದುಕೊಂಡು ಅರಚಿದ್ದರೆ ಮೂರನೇ ರಾತ್ರಿಗೆ ದನಿ ಇರುತ್ತಿರಲಿಲ್ಲ.

ಇಷ್ಟು ತಿಳಿದ ತಕ್ಷಣ ಗ್ರೌಲ್‌ಗೆ ಕೈ ಹಾಕಬೇಡಿ. ಮೊದಲು ನಾಲ್ಕರಿಂದ ಆರು ತಿಂಗಳು ಶುದ್ಧ ದನಿ, ಅಂದರೆ ಒರಟಿಲ್ಲದ ಮಾಮೂಲಿ ಹಾಡಿನ ದನಿ. ಈ ವಿಷಯದಲ್ಲಿ ಹಾಸನದವರು ಅದೃಷ್ಟವಂತರು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರು. ಅಲ್ಲಿ 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿದರು. ಗಂಟಲು ಉಳಿಸಿಕೊಳ್ಳುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. ಹತ್ತಿರದ ಯಾವುದಾದರೂ ಸಂಗೀತದ ಮೇಷ್ಟ್ರ ಹತ್ತಿರ ಸರಳೆ ವರಸೆ, ಜಂಟಿ ವರಸೆ, ಅಕಾರ ಸಾಧಕ ಮಾಡಿ. ಮುಂದೆ ಮೆಟಲ್ ಹಾಡುತ್ತೇನೆ ಎಂದು ಮುಚ್ಚಿಡಬೇಕಾಗಿಲ್ಲ. ಶ್ರುತಿಯ ಲೆಕ್ಕ ಸುಲಭ: ಗಿಟಾರಿನ ಸಿ ಅಂದರೆ ಮೇಷ್ಟ್ರ ಲೆಕ್ಕದಲ್ಲಿ ಒಂದು ಮನೆ ಶ್ರುತಿ, ಡಿ ಎರಡು, ಇ ಮೂರು ಮನೆ. ಬಹಳಷ್ಟು ಮೆಟಲ್ ಹಾಡುಗಳು ಇ ಸುತ್ತ ಇರುವುದರಿಂದ ಮೂರು ಮನೆಯಲ್ಲಿ ಕಷ್ಟವಾದರೆ ಬ್ಯಾಂಡಿನವರಿಗೆ ಗಿಟಾರನ್ನು ಅರ್ಧ ಸ್ವರ ಇಳಿಸಲು ಹೇಳಿ, ಎರಡೂವರೆ ಮನೆಗೆ ಬರುತ್ತದೆ. ಹಾಗೆ ಇಳಿಸಿ ನುಡಿಸುವ ದೊಡ್ಡ ಬ್ಯಾಂಡ್‌ಗಳು ಬೇಕಾದಷ್ಟಿವೆ, ನಾಚಿಕೆ ಬೇಡ.

ದಿನಾ ಸಾಧಕಕ್ಕೆ ಮುಂಚೆ ಸ್ಟ್ರಾ ಅಭ್ಯಾಸ. ಎಳನೀರು ಅಂಗಡಿಯ ಸ್ಟ್ರಾ, ಅರ್ಧ ಲೋಟ ನೀರು. ಸ್ಟ್ರಾದ ತುದಿ ಮೂರು ನಾಲ್ಕು ಸೆಂಟಿಮೀಟರ್ ಮುಳುಗಿರಲಿ. ಗುಳ್ಳೆ ಒಂದೇ ಸಮ ಬರುವಂತೆ ‘ಊ’ ಎಂದು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿಸಿ, ಐದು ನಿಮಿಷ. ನೀರಿನ ಒತ್ತಡ ವಾಪಸು ಗಂಟಲಿಗೆ ತಾಗುವುದರಿಂದ ತಂತುಗಳು ಒಂದಕ್ಕೊಂದು ಬಡಿದುಕೊಳ್ಳದೆ ನಡುಗುತ್ತವೆ. ಗುಳ್ಳೆ ಒಮ್ಮೆ ಜಾಸ್ತಿ ಒಮ್ಮೆ ಕಮ್ಮಿ ಆಗುತ್ತಿದ್ದರೆ ಉಸಿರಿನ ಹಿಡಿತ ಬಂದಿಲ್ಲ ಎಂದರ್ಥ. ಆಗ ಹಲ್ಲುಗಳ ನಡುವೆ ‘ಸ್ಸ್’ ಎಂದು ಒಂದೇ ಸಮನೆ 25–30 ಸೆಕೆಂಡು ಉಸಿರು ಬಿಡುವುದನ್ನು ಅಭ್ಯಾಸ ಮಾಡಿ. ಪಕ್ಕೆಲುಬು ಕೊನೆಯವರೆಗೂ ಕುಸಿಯಬಾರದು.

ಇನ್ನು ಗ್ರೌಲ್. ಕನ್ನಡಕ ಒರೆಸಲು ಗಾಜಿನ ಮೇಲೆ ‘ಹಾ’ ಎಂದು ಊದುತ್ತೇವಲ್ಲ, ಆ ಉಸಿರಿನಿಂದ ಶುರು. ದನಿ ಬೇಡ, ಬಿಸಿ ಉಸಿರಷ್ಟೇ. ಈಗ ತೂಕದ್ದೇನೋ ಎತ್ತುವಾಗ ಗಂಟಲಲ್ಲಿ ತಾನಾಗಿ ಬರುವ ‘ಹ್ಮ್’ ಬಿಗಿಯನ್ನು ಒಂದು ಚಿಟಿಕೆಯಷ್ಟು ಸೇರಿಸಿ, ಉಸಿರು ನಿಲ್ಲದಿರಲಿ. ಮೊದಲ ದಿನಗಳಲ್ಲಿ ಬರುವುದು ಮುದಿನಾಯಿ ನಿಟ್ಟುಸಿರು ಬಿಟ್ಟಂಥ ಸಣ್ಣ ಗೊರಗೊರ ಸದ್ದು. ಅದೇ ಸರಿಯಾದ ಸದ್ದು. ಅದನ್ನು ಜೋರು ಮಾಡುವ ಆಸೆ ಅದುಮಿಟ್ಟುಕೊಳ್ಳಿ. ಮೊದಲ ತಿಂಗಳು ದಿನ ಬಿಟ್ಟು ದಿನ ಐದೇ ನಿಮಿಷ, ಎರಡನೇ ತಿಂಗಳು ಹತ್ತು, ಆಮೇಲೆ ಹದಿನೈದು. ಒಂದು ಉಸಿರಿಗೆ ನಾಲ್ಕು ಸೆಕೆಂಡು ಒಂದೇ ಸಮ ಬಂದ ಮೇಲೆ ಅಕ್ಷರ ಸೇರಿಸಿ: ಹಾ, ಹೋ, ಆಮೇಲೆ ಗಾ, ಗೋ. ಸ್ವರ ದಪ್ಪ ಮಾಡಲು ಗಂಟಲು ಒತ್ತಬೇಡಿ. ಆಕಳಿಕೆಯ ಶುರುವಿನಲ್ಲಿ ಗಂಟಲಗಂಟು ಕೆಳಗಿಳಿದು ಬಾಯಿಯ ಹಿಂಭಾಗ ತೆರೆದುಕೊಳ್ಳುತ್ತದಲ್ಲ, ಆ ಆಕಾರ ಕೊಡಿ. ತುಟಿ ಮುಂದಕ್ಕೆ ಚಾಚಿದರೆ ಇನ್ನೂ ತಗ್ಗಿದಂತೆ ಕೇಳುತ್ತದೆ.

ಎಲ್ಲರೂ ಎಡವುವುದು ಇಲ್ಲೇ. ಸದ್ದು ಸಾಲದು ಅನ್ನಿಸಿ ಉಸಿರನ್ನು ನುಗ್ಗಿಸುತ್ತಾರೆ. ಉಸಿರು ಜಾಸ್ತಿಯಾದಾಗ ಅದನ್ನು ತಡೆಯಲು ಕೆಳಗಿನ ಧ್ವನಿತಂತುಗಳು ಗಟ್ಟಿಯಾಗಿ ಬಿಗಿದುಕೊಂಡು ಒಂದನ್ನೊಂದು ಉಜ್ಜುತ್ತವೆ. ಗಂಟಲಲ್ಲಿ ಕಚಗುಳಿಯಾಗಿ ಕೆಮ್ಮು ಬಂದರೆ ಅದು ಮೊದಲ ಎಚ್ಚರಿಕೆ, ಎರಡು ನಿಮಿಷ ನಿಲ್ಲಿಸಿ ನೀರು ಕುಡಿಯಿರಿ. ಉರಿ, ಚುಚ್ಚಿದ ನೋವು ಬಂದರೆ ಅವತ್ತಿಗೆ ಮುಗಿಯಿತು. ಅಭ್ಯಾಸ ಮುಗಿದ ತಕ್ಷಣ ಶುದ್ಧ ದನಿಯಲ್ಲಿ ಮೇಲಿನ ಸ್ವರವೊಂದನ್ನು ಮೆಲ್ಲಗೆ ಹಾಡಿ ನೋಡಿ. ಗ್ರೌಲ್‌ಗೆ ಮುಂಚೆ ಬರುತ್ತಿದ್ದ ಸ್ವರ ಈಗ ಗಾಳಿ ಗಾಳಿಯಾಗಿ ಬಂದರೆ ತಂತು ಊದಿಕೊಂಡಿದೆ, ವಿಧಾನ ತಪ್ಪಿದೆ. ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ಮನೆಯಲ್ಲಿ ಬೇರೆ ಸಿಗದು. ತಿಂಗಳುಗಟ್ಟಲೆ ಹೀಗೇ ಉಜ್ಜಿದರೆ ತಂತುವಿನ ಮುಂದಿನ ಮೂರನೇ ಒಂದು ಭಾಗ ಮುಗಿಯುವ ಜಾಗದಲ್ಲಿ, ಎರಡೂ ಕಡೆ, ಕೈಗೆ ಜಡ್ಡು ಕಟ್ಟಿದಂತೆ ಗಂಟು ಏಳುತ್ತದೆ. ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ ಮೂಗು ಗಂಟಲು ವೈದ್ಯರಲ್ಲಿ ಕ್ಯಾಮೆರಾ ಹಾಕಿಸಿ ನೋಡಿಸಲೇಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದನಿಯ ತೊಂದರೆಗೆಂದೇ ತಜ್ಞರಿದ್ದಾರೆ. ಗಂಟು ಶುರುವಿನಲ್ಲಿ ಇದ್ದಾಗ ಹೋದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ, ದನಿಯ ಚಿಕಿತ್ಸೆಯಲ್ಲೇ ಕರಗುತ್ತದೆ.

ಫ್ರೈ ಸ್ಕ್ರೀಮ್ ಎಂಬ ಇನ್ನೊಂದು ದಾರಿಯಿದೆ. ಬೆಳಿಗ್ಗೆ ಎದ್ದ ಕೂಡಲೇ ಬರುವ ಕರಕರ ದನಿಯೇ ಅದರ ಬೀಜ. ತೆಳ್ಳಗೆ, ಚೂಪಾಗಿ ಕೇಳುತ್ತದೆ. ಅದರಲ್ಲಿ ಉಸಿರು ಇನ್ನೂ ಕಡಿಮೆ ಸಾಕು, ಆದರೆ ತಪ್ಪಿದರೆ ಪೆಟ್ಟು ನೇರವಾಗಿ ನಿಜವಾದ ತಂತುಗಳಿಗೇ. ಹಾಗಾಗಿ ಅದನ್ನು ಎರಡನೆಯದಾಗಿ ಕಲಿಯಿರಿ ಎನ್ನುತ್ತೇವೆ.

ಕಾಫಿ ನಾಡಿನಲ್ಲಿ ಹೇಳಲು ಕಷ್ಟವಾಗುವ ಮಾತೊಂದಿದೆ. ಖಾಲಿ ಹೊಟ್ಟೆಯ ಕಾಫಿ, ರಾತ್ರಿ ಹತ್ತೂವರೆಯ ಖಾರದ ಊಟ, ಉಂಡ ಕೂಡಲೇ ನಿದ್ದೆ, ಇವು ಮೂರೂ ಸೇರಿದರೆ ಹೊಟ್ಟೆಯ ಹುಳಿ ಮಲಗಿದಾಗ ಮೇಲೆ ಬಂದು ತಂತುಗಳನ್ನು ಸುಡುತ್ತದೆ. ಬೆಳಿಗ್ಗೆ ಗಂಟಲು ಕೆರೆತ, ಪದೇ ಪದೇ ಕ್ಯಾಕರಿಸಬೇಕು ಅನ್ನಿಸುವುದು ಅದರ ಗುರುತು. ಕಾಫಿ ಬಿಡಬೇಕಿಲ್ಲ, ತಿಂಡಿಯ ನಂತರ ಕುಡಿಯಿರಿ, ಹಾಡುವ ದಿನ ಒಂದೇ ಲೋಟ. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಇರಲಿ. ಮೆಣಸಿನ ಕಷಾಯ, ಜೇನುತುಪ್ಪ ಕುಡಿದರೆ ಹಿತ ಅನ್ನಿಸುತ್ತದೆ ನಿಜ, ಆದರೆ ನುಂಗಿದ್ದೆಲ್ಲ ಅನ್ನನಾಳಕ್ಕೆ ಹೋಗುತ್ತದೆ, ತಂತುಗಳನ್ನು ಮುಟ್ಟುವುದೇ ಇಲ್ಲ. ಅಲ್ಲಿಗೆ ನೇರವಾಗಿ ತಲುಪುವುದು ಹಬೆ ಮಾತ್ರ. ಬರೀ ಬಿಸಿನೀರಿನ ಹಬೆ ಹತ್ತು ನಿಮಿಷ ಸಾಕು. ದನಿ ಬಿದ್ದಾಗ ಪಿಸುಗುಡುವುದು ವಿಶ್ರಾಂತಿಯಲ್ಲ, ಮೆಲುವಾಗಿ ಮಾತಾಡಿ ಅಥವಾ ಸುಮ್ಮನಿರಿ.

ಈಗ ಬ್ಯಾಂಡಿನ ಕೋಣೆ. ಹತ್ತು ಹನ್ನೆರಡು ಅಡಿಯ, ರೋಲಿಂಗ್ ಶಟರ್‌ನ ಬಾಡಿಗೆ ಮಳಿಗೆ ಅಂತಿಟ್ಟುಕೊಳ್ಳಿ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಒಳಗಿನ ಮಾರ್ದನಿ ಕೊಂಚ ತಗ್ಗಬಹುದು, ಹೊರಗೆ ಹೋಗುವ ಸದ್ದು ನಿಲ್ಲುವುದಿಲ್ಲ. ಸದ್ದು ನಿಲ್ಲಿಸುವುದು ತೂಕ. ಶಟರಿನ ಒಳಗೆ ಹಳೆಯ ಹತ್ತಿ ಹಾಸಿಗೆಗಳನ್ನು ಸಂದಿಯಿಲ್ಲದಂತೆ ನಿಲ್ಲಿಸಿದರೆ ಎಷ್ಟೋ ವಾಸಿ. ನಿಜವಾದ ಅಪಾಯ ಒಳಗಿದೆ. ಅಷ್ಟು ಚಿಕ್ಕ ಜಾಗದಲ್ಲಿ ಡ್ರಮ್ಮಿನ ಸದ್ದು 100 ಡೆಸಿಬಲ್ ದಾಟುತ್ತದೆ, ತನ್ನ ದನಿ ತನಗೇ ಕೇಳದ ಗಾಯಕ ಗೊತ್ತಿಲ್ಲದೆಯೇ ಜೋರು ಮಾಡುತ್ತಾನೆ. ಮನೆಯಲ್ಲಿ ಸರಿಯಾಗಿ ಕಲಿತವರ ಗಂಟಲು ಬ್ಯಾಂಡು ಸೇರಿದ ಎರಡನೇ ವಾರದಲ್ಲಿ ಕೂರುವುದು ಇದರಿಂದಲೇ. ಪರಿಹಾರ ಸದ್ದು ಹೊಂದಿಸುವ ಕ್ರಮದಲ್ಲಿದೆ. ಡ್ರಮ್ಮರ್ ಸಾಧ್ಯವಾದಷ್ಟು ಮೆಲ್ಲಗೆ ಬಾರಿಸಲಿ. ಆಮೇಲೆ ಹಾಡಿನ ಸ್ಪೀಕರನ್ನು ಕಿವಿಯ ಎತ್ತರಕ್ಕಿಟ್ಟು ಫೀಡ್‌ಬ್ಯಾಕ್ (ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೋಗಿ ಬರುವ ಕುಂಯ್ ಸದ್ದು) ಶುರುವಾಗುವ ಒಂದು ಗೆರೆ ಕೆಳಗಿನವರೆಗೆ ಏರಿಸಿ. ಗಿಟಾರುಗಳು ಕೊನೆಗೆ, ಹಾಡಿಗಿಂತ ಕೆಳಗೆ. ಗಿಟಾರಿನವರು ಬೇಜಾರು ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ. ಇಯರ್‌ಪ್ಲಗ್ ಎಲ್ಲರಿಗೂ ಬೇಕೇ ಬೇಕು, ಯಾಕೆಂದರೆ 100 ಡೆಸಿಬಲ್‌ನಲ್ಲಿ ಕಿವಿಗೆ ಕ್ಷೇಮದ ಮಿತಿ ದಿನಕ್ಕೆ ಹದಿನೈದೇ ನಿಮಿಷ.

ಮೈಕಿಗೆ ದುಬಾರಿ ಕಂಡೆನ್ಸರ್ ಬೇಡ. ಶೂರ್ ಎಸ್‌ಎಂ58 ಥರದ ಡೈನಮಿಕ್ ಮೈಕ್ ಸಾಕು. ಅದು 1966ರಿಂದ ಇದೆ, ಊರಿನ ಆರ್ಕೆಸ್ಟ್ರಾದವರ ಹತ್ತಿರವೂ ಸಿಗುತ್ತದೆ. ವಿಡಿಯೋಗಳಲ್ಲಿ ನೋಡಿ ಎಲ್ಲರೂ ಕಲಿಯುವ ಕೆಟ್ಟ ಚಾಳಿ ಎಂದರೆ ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವುದು. ಹಿಂದಿನ ಸದ್ದನ್ನು ಕಳೆಯಲೆಂದು ಜಾಲರಿಯ ಹಿಂಬದಿಯಲ್ಲಿ ಗಾಳಿದಾರಿಗಳಿವೆ. ಅವು ಮುಚ್ಚಿದರೆ ಮೈಕು ಎಲ್ಲ ದಿಕ್ಕಿನ ಸದ್ದನ್ನೂ ಹಿಡಿದು ಕುಂಯ್ ಎನ್ನುತ್ತದೆ, ದನಿಯೂ ಡಬ್ಬದೊಳಗಿಂದ ಬಂದಂತಾಗುತ್ತದೆ. ಮೈಕಿನ ಹಿಡಿಕೆಯನ್ನಷ್ಟೇ ಹಿಡಿಯಿರಿ, ಗ್ರೌಲ್‌ಗೆ ತುಟಿಯಿಂದ ಒಂದು ಇಂಚು, ಮೇಲಿನ ಶುದ್ಧ ಸ್ವರಕ್ಕೆ ನಾಲ್ಕೈದು ಇಂಚು. ಮಾನಿಟರ್ ಸ್ಪೀಕರ್ (ವೇದಿಕೆಯಲ್ಲಿ ನಿಮ್ಮ ದನಿ ನಿಮಗೇ ಕೇಳಿಸುವುದು) ಮೈಕಿನ ಬಾಲದ ನೇರಕ್ಕೆ ಇರಲಿ, ಈ ಮೈಕಿಗೆ ಆ ಕಡೆಯೇ ಕಿವುಡು. ಮೈಕ್‌ಸೆಟ್‌ನವರು ಗಣಪತಿ ಆರ್ಕೆಸ್ಟ್ರಾಗೆ ಹಾಕುವ ಎಕೋವನ್ನೇ ನಿಮಗೂ ಹಾಕಿಬಿಡುತ್ತಾರೆ. ಅಣ್ಣಾ ಎಂದು ಮರ್ಯಾದೆಯಿಂದ ಕೇಳಿ ತೆಗೆಸಿ, 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಲು ಹೇಳಿ. ಎಕೋ ಇದ್ದರೆ ಗ್ರೌಲ್ ರಾಗಿ ಅಂಬಲಿಯಾಗುತ್ತದೆ.

ಕನ್ನಡದಲ್ಲಿ ಬರೆದು ಹಾಡಿ ಎಂದು ನಾವು ಹಟ ಹಿಡಿಯುತ್ತೇವೆ. ‘ಕನ್ನಡ ಪದ ಮೆಟಲ್‌ಗೆ ಕೂರಲ್ಲ’ ಅನ್ನುವವರ ತೊಡಕು ನಿಜವಾದದ್ದೇ. ಹೊಸಗನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ, ರಿಫ್ (ಗಿಟಾರಿನಲ್ಲಿ ಮರಳಿ ಮರಳಿ ಬರುವ ತುಣುಕು) ಥಟ್ಟನೆ ನಿಂತರೂ ಕೊನೆಯ ‘ಉ’ ಜೋತಾಡುತ್ತದೆ. ಅದಕ್ಕೆ ಮದ್ದು ನಮ್ಮ ಹಿತ್ತಲಲ್ಲೇ ಇದೆ. ಸುಮಾರು 450ರ ಹಲ್ಮಿಡಿ ಶಾಸನ ಸಿಕ್ಕಿದ್ದು ಬೇಲೂರು ತಾಲ್ಲೂಕಿನಲ್ಲಿ. ಹಳಗನ್ನಡದಲ್ಲಿ ಕಲ್, ಬೇರ್, ಬಾಳ್, ಕಣ್ ಎಂದು ಎಷ್ಟೋ ಪದ ವ್ಯಂಜನಕ್ಕೇ ನಿಲ್ಲುತ್ತವೆ. ‘ಕಲ್ಲನ್ನು ಸೀಳುವ ಬೇರು’ ಎಂದರೆ ಎಂಟು ಅಕ್ಷರ, ‘ಕಲ್ ಸೀಳ್ವ ಬೇರ್’ ಎಂದರೆ ನಾಲ್ಕೇ ಪೆಟ್ಟು. ಇನ್ನು 7/8ರ, ಅಂದರೆ ಸುತ್ತಿಗೆ ಏಳು ಎಣಿಕೆಯ, ರಿಫ್‌ಗಳಿಗೆ ಭಾಮಿನಿ ಷಟ್ಪದಿಯ ನಡೆ ಹೇಳಿ ಮಾಡಿಸಿದಂತಿದೆ. ಮೂರು ನಾಲ್ಕು, ಮೂರು ನಾಲ್ಕು, ಉದ್ದವಾದ ಮೂರನೇ, ಆರನೇ ಸಾಲು ಬಿಟ್ಟರೆ ಸಾಲಿಗೆ 14 ಮಾತ್ರೆ, ಅಂದರೆ ಸರಿಯಾಗಿ ಎರಡು ಬಾರ್ (ಎರಡು ಸುತ್ತು). ‘ಮಂಜು ಕವಿದಿದೆ ಬೆಟ್ಟ ಕರಗಿದೆ’ ಎಂದು ಕೈಯಲ್ಲಿ ತಾಳ ಹಾಕಿ ನೋಡಿ. ಎಳೆಯುವ ಜಾಗದಲ್ಲಿ ಆ, ಓ ಬರುವ ಪದವಿಡಿ, ಈ ಬಂದರೆ ಬಾಯಿ ಕಿರಿದಾಗಿ ಗ್ರೌಲ್ ತೆಳುವಾಗುತ್ತದೆ. ಕ, ಗ, ಟ, ಡ, ರ ಗಟ್ಟಿಯಾಗಿ ಒತ್ತಿದರೆ ಕೇಳುಗರಿಗೆ ಪದ ತಿಳಿಯುತ್ತದೆ, ಗ್ರೌಲ್‌ನಲ್ಲಿ ಅರ್ಥ ಹೊರುವುದು ವ್ಯಂಜನಗಳೇ.

ಬ್ಯಾಂಡು ಸಿಗುವುದು ಹೇಗೆ? ಮೊದಲು ಕೈಯಲ್ಲಿ ರೆಕಾರ್ಡಿಂಗ್ ಇರಬೇಕು. ಬ್ರಿಟನ್ನಿನ ಮೆಟಲ್ ಬ್ಯಾಂಡ್ ಜೂಡಾಸ್ ಪ್ರೀಸ್ಟ್‌ನ ಹಾಡುಗಳನ್ನೇ ಹಾಡುತ್ತಿದ್ದ ಅಮೆರಿಕದ ಓಹಾಯೊದ ಟಿಮ್ ಓವೆನ್ಸ್ 1996ರಲ್ಲಿ ಅದೇ ಬ್ಯಾಂಡಿನ ಗಾಯಕರಾದದ್ದು ಅವರ ಕಾರ್ಯಕ್ರಮದ ವಿಡಿಯೋ ಟೇಪು ಬ್ಯಾಂಡಿನವರ ಕೈ ಸೇರಿದ್ದರಿಂದ. ಜರ್ಮನಿಯ ಆಂಜೆಲಾ ಗಾಸೊ ಸ್ವೀಡನ್ನಿನ ಆರ್ಚ್ ಎನಿಮಿ ಬ್ಯಾಂಡನ್ನು ಸಂದರ್ಶನ ಮಾಡಲು ಹೋಗಿ ತಮ್ಮ ಹಾಡಿನ ಡೆಮೊ (ಮಾದರಿ ರೆಕಾರ್ಡಿಂಗ್) ಕೊಟ್ಟು ಬಂದರು, ಮುಂದೆ 2014ರವರೆಗೆ ಅವರೇ ಆ ಬ್ಯಾಂಡಿನ ದನಿಯಾಗಿದ್ದರು. ಗ್ರೌಲ್ ಗಂಡಸರ ಸೊತ್ತು ಅನ್ನುವ ಹುಡುಗಿಯರು ಅವರನ್ನು ಒಮ್ಮೆ ಕೇಳಬೇಕು. ನಿಮ್ಮ ಡೆಮೊದಲ್ಲಿ ಮೂರು ಹಾಡು ಸಾಕು: ಒಂದು ಶುದ್ಧ ದನಿಯದು, ಒಂದು ಗ್ರೌಲ್, ಒಂದು ನಿಮ್ಮದೇ ಕನ್ನಡದ್ದು. ರೆಕಾರ್ಡ್ ಮಾಡುವಾಗ ಮಟ್ಟ −12 ಡೆಸಿಬಲ್ ಆಸುಪಾಸು ಇರಲಿ, ಕೆಂಪು ದೀಪ ಮುಟ್ಟಿದರೆ ಆ ಸಲದ್ದು ಹಾಳು. ಜೊತೆಗೆ ಒಂದೇ ಸಲಕ್ಕೆ, ಕತ್ತರಿ ಹಾಕದೆ ತೆಗೆದ ವಿಡಿಯೋ ಒಂದಿರಲಿ. ಬ್ಯಾಂಡಿನವರು ಮೊದಲು ನೋಡುವುದು ಅದನ್ನೇ.

ಜೊತೆಗಾರರನ್ನು ಎಂಜಿನಿಯರಿಂಗ್ ಕಾಲೇಜುಗಳ ಫೆಸ್ಟ್‌ಗಳಲ್ಲಿ, ಚರ್ಚಿನ ಗಾಯನ ತಂಡಗಳ ಗಿಟಾರಿಗರಲ್ಲಿ, ಆರ್ಕೆಸ್ಟ್ರಾಗಳಲ್ಲಿ ಹುಡುಕಿ. ಡಬಲ್ ಪೆಡಲ್, ಅಂದರೆ ಎರಡೂ ಕಾಲಲ್ಲಿ ದೊಡ್ಡ ಡ್ರಮ್ಮು, ಬಾರಿಸುವವರು ಸಿಗುವುದು ಕಷ್ಟ, ಅಲ್ಲಿಯವರೆಗೆ ಕಂಪ್ಯೂಟರ್‌ನಲ್ಲಿ ಡ್ರಮ್ ಬರೆದುಕೊಂಡು ಹಾಡಿ. 1998ರಿಂದ ನುಡಿಸುತ್ತಿರುವ ಕ್ರಿಪ್ಟೋಸ್ ಥರದ ಬೆಂಗಳೂರಿನ ಬ್ಯಾಂಡುಗಳ ಕಾರ್ಯಕ್ರಮಗಳಿಗೆ ಹೋಗಿ. 2017ರಲ್ಲಿ ಕುಣಿಗಲ್ ಮಾರ್ಗದ ರೈಲು ಶುರುವಾದ ಮೇಲೆ ಹಾಸನದಿಂದ ಹೋಗಿಬರುವುದು ಸುಲಭವಾಗಿದೆ.

ಮೊದಲ ಕಾರ್ಯಕ್ರಮಕ್ಕೆ ಆರು ಹಾಡು, ಅರ್ಧ ಗಂಟೆ. ಅತಿ ಭಾರದ ಹಾಡು ಮೊದಲಿಗೂ ಬೇಡ ಕೊನೆಗೂ ಬೇಡ, ಮೂರನೆಯದಾಗಿ ಇರಲಿ. ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ನಿಷೇಧವಿರುವುದರಿಂದ ನಿಮ್ಮ ಸರದಿ ಒಂಬತ್ತಕ್ಕೆ ಮುಂಚೆ ಬರುವಂತೆ ಆಯೋಜಕರ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ. ಇಳಿದ ಮೇಲೆ ಅದೇ ಎಳನೀರಿನ ಸ್ಟ್ರಾದಲ್ಲಿ ಐದು ನಿಮಿಷ ಗುಳ್ಳೆ ಬಿಡಿ. ಆಮೇಲೆ ಸ್ಪೀಕರಿನ ಪಕ್ಕ ನಿಂತು ಸ್ನೇಹಿತರ ಜೊತೆ ಕೂಗಿ ಕೂಗಿ ಮಾತಾಡಬೇಡಿ. ವೇದಿಕೆಯ ಮೇಲೆ ಅರ್ಧ ಗಂಟೆ ಉಳಿದ ದನಿ ಎಷ್ಟೋ ಸಲ ಹೋಗುವುದು ಅಲ್ಲೇ.