ಹಾರಿಸಿ ಬಿಸಾಡುವ ಕೊಳವೆ: ಟ್ಯಾಂಕಿನೆದುರಿನ ಒಂದೂವರೆ ಸೆಕೆಂಡು

ಹಾವೇರಿ, ಗದಗ, ಧಾರವಾಡದ ಕಡೆ ಸೈನ್ಯದ ಭರ್ತಿಗೆ ತಯಾರಾಗುವ ಹುಡುಗರು ಟ್ಯಾಂಕ್ ನಿರೋಧಕ ಶಸ್ತ್ರದ ಮಾತು ಬಂದ ಕೂಡಲೇ ಕೇಳುವುದು ಒಂದೇ: "ಎಷ್ಟು ದಪ್ಪ ಉಕ್ಕಿಗೆ ತೂತು ಹಾಕ್ತೈತ್ರಿ ಸರ?" ಕೇಳಬೇಕಾದ್ದೇ. ಆದರೆ ಒಬ್ಬನೇ ಹೆಗಲಿಗೇರಿಸಿ, ಒಂದೇ ಸಲ ಹಾರಿಸಿ, ಖಾಲಿ ಕೊಳವೆ ಬಿಟ್ಟು ಹೋಗುವ ಶಸ್ತ್ರದ ಮಟ್ಟಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ದೂರದ್ದು, ಗುರಿ ಮುಟ್ಟುವವರೆಗಿನ ಸಮಯದ್ದು.

ಮೊದಲು ಒಂದು ಗೊಂದಲ ಬಗೆಹರಿಸೋಣ. ರಷ್ಯನ್ನರ ಹೆಗಲ ಮೇಲಿನ ರಾಕೆಟ್ ಕೊಳವೆ ಆರ್‌ಪಿಜಿ-7 ಬಿಸಾಡುವ ಶಸ್ತ್ರವಲ್ಲ. ನಮ್ಮ ಸೈನ್ಯದಲ್ಲಿರುವ 84 ಎಂಎಂ ಕಾರ್ಲ್ ಗುಸ್ತಾಫ್ ಕೂಡ ಅಲ್ಲ. ಅವಕ್ಕೆ ಮತ್ತೆ ಮತ್ತೆ ಮದ್ದು ತುಂಬಬಹುದು, ಅದರದ್ದೇ ತರಬೇತಿ ಪಡೆದ ಜವಾನರು ಬೇಕು. ಬಿಸಾಡುವ ಕೊಳವೆಗೆ ಪ್ರತ್ಯೇಕ ತಂಡವಿಲ್ಲ. ಕಾರ್ಖಾನೆಯಲ್ಲೇ ತುಂಬಿ ಮುಚ್ಚಿ ಬರುತ್ತದೆ, ರೈಫಲ್ ಹಿಡಿದ ಯಾವ ಜವಾನನಾದರೂ ಜೊತೆಗೆ ಒಂದನ್ನು ಹೊರಬಹುದು.

ಇಷ್ಟು ಹಗುರ ಕೊಳವೆಗೆ ಟ್ಯಾಂಕಿನ ಕವಚ ಭೇದಿಸುವ ತಾಕತ್ತು ಹೇಗೆ ಬಂತು? ಸಿಡಿತಲೆಯ ಒಳಗೆ ಸ್ಫೋಟಕದ ಮುಂಭಾಗ ಆಲಿಕೆಯಂತೆ ಟೊಳ್ಳಾಗಿದ್ದು, ಅದಕ್ಕೆ ಲೋಹದ ಪದರ ಇರುತ್ತದೆ. ಹೆಚ್ಚಾಗಿ ತಾಮ್ರ. ಸ್ಫೋಟವಾದಾಗ ಆ ಪದರ ಒಳಕ್ಕೆ ಕುಸಿದು ಸೂಜಿಯಂಥ ಧಾರೆಯಾಗಿ ಚಿಮ್ಮುತ್ತದೆ. ಅದರ ತುದಿಯ ವೇಗ ಸೆಕೆಂಡಿಗೆ ಹಲವು ಕಿಲೋಮೀಟರ್. ಉಕ್ಕು ಕರಗುತ್ತದೆ ಎಂದು ಬಹಳ ಮಂದಿ ಬರೆಯುತ್ತಾರೆ, ಅದು ತಪ್ಪು. ಅಪಾರ ಒತ್ತಡಕ್ಕೆ ಉಕ್ಕು ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಇಲ್ಲಿ ಗುಂಡು ಹಾರಿ ಬಂದ ವೇಗಕ್ಕೆ ಬೆಲೆಯೇ ಇಲ್ಲ, ಮೆಲ್ಲಗೆ ಬಂದು ತಾಗಿದರೂ ತೂತು ಅಷ್ಟೇ. ಹೀಗಾಗಿ ದಪ್ಪ ನಳಿಗೆಯ ಭಾರಿ ತೋಪು ಬೇಕಿಲ್ಲ, ತೆಳು ಕೊಳವೆ ಸಾಕು.

1943ರಲ್ಲಿ ಜರ್ಮನರು ತಂದ ಪಾಂತ್ಸರ್‌ಫೌಸ್ಟ್ ಇದೇ ಲೆಕ್ಕದ ಮೇಲೆ ನಿಂತಿತ್ತು. ತೂಕ ಸುಮಾರು 5 ಕಿಲೋ, ಉಕ್ಕಿನಲ್ಲಿ ಹಾಕುತ್ತಿದ್ದ ತೂತಿನ ಆಳ ಸುಮಾರು 200 ಎಂಎಂ. ಆದರೆ ಮೊದಲ ಮಾದರಿಯ ಸಿಡಿತಲೆ ಹೊರಬೀಳುತ್ತಿದ್ದುದು ಸೆಕೆಂಡಿಗೆ 30 ಮೀಟರ್ ವೇಗದಲ್ಲಿ. ಅದರ ಪರಿಣಾಮಕಾರಿ ದೂರವೂ 30 ಮೀಟರೇ. ಟ್ಯಾಂಕು ಅಷ್ಟು ಹತ್ತಿರ ಬರುವ ತನಕ ಉಸಿರು ಬಿಗಿಹಿಡಿದು ಕಾಯಬೇಕಿತ್ತು. ಹಿಂದಿನಿಂದ ಬೆಂಕಿ ಚಿಮ್ಮುತ್ತದೆ, ಎಚ್ಚರ ಎಂದು ಕೊಳವೆಯ ಮೇಲೆ ಕೆಂಪಕ್ಷರದಲ್ಲೇ ಬರೆದಿರುತ್ತಿತ್ತು. ಮುಂದೆ 60 ಮತ್ತು 100 ಮೀಟರಿನ ಮಾದರಿಗಳು ಬಂದವು.

ಅಮೆರಿಕದ ಎಂ72 ಬಂದದ್ದು 1960ರ ದಶಕದಲ್ಲಿ. 66 ಎಂಎಂ ರಾಕೆಟ್, ತೂಕ ಸುಮಾರು ಎರಡೂವರೆ ಕಿಲೋ. ಒಂದರೊಳಗೊಂದು ಕೂರುವ ಎರಡು ಕೊಳವೆ. ಹಿಂದಕ್ಕೆಳೆದು ಉದ್ದ ಮಾಡಿದರೆ ಹಾರಿಸಲು ಸಿದ್ಧ. ರಷ್ಯನ್ನರ ಆರ್‌ಪಿಜಿ-18 ಕೂಡ ಇದೇ ಜಾಯಮಾನದ್ದು. ಎಂ72ಗೆ ಕೆಟ್ಟ ಹೆಸರು ತಂದದ್ದು 1968ರ ಫೆಬ್ರವರಿಯಲ್ಲಿ ವಿಯೆಟ್ನಾಂನಲ್ಲಿ ಅಮೆರಿಕನ್ನರ ಲಾಂಗ್ ವೇ ಶಿಬಿರದ ಕಾಳಗ. ಉತ್ತರ ವಿಯೆಟ್ನಾಂನವರ ಹಗುರ ಪಿಟಿ-76 ಟ್ಯಾಂಕುಗಳು ರಾತ್ರಿ ನುಗ್ಗಿದಾಗ ಕೆಲವು ಎಂ72 ಹಾರಲೇ ಇಲ್ಲ, ಕೆಲವು ತಾಗಿಯೂ ಸಿಡಿಯಲಿಲ್ಲ. ಪಿಟಿ-76ರ ಕವಚವಂತೂ ತೀರಾ ತೆಳು, ಎಂ72 ಅದನ್ನು ಸಲೀಸಾಗಿ ಸೀಳಬೇಕಿತ್ತು. ಕೈಕೊಟ್ಟದ್ದು ಭೇದಿಸುವ ಶಕ್ತಿಯಲ್ಲ, ಶಸ್ತ್ರದ ನಂಬಿಕೆ.

ಈಗ ಒಂದು ಲೆಕ್ಕ. ಎಂ72 ರಾಕೆಟ್ಟಿನ ವೇಗ ಸೆಕೆಂಡಿಗೆ ಸುಮಾರು 145 ಮೀಟರ್. 200 ಮೀಟರ್ ದೂರ ಮುಟ್ಟಲು ಹೆಚ್ಚುಕಡಿಮೆ ಒಂದೂವರೆ ಸೆಕೆಂಡು ಬೇಕು. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಅಡ್ಡ ಓಡುವ ಟ್ಯಾಂಕು ಅಷ್ಟರಲ್ಲಿ 14 ಮೀಟರ್ ಮುಂದೆ ಹೋಗಿರುತ್ತದೆ. ಟಿ-72ರ ಒಡಲಿನ ಉದ್ದವೇ 7 ಮೀಟರಿನ ಆಸುಪಾಸು, ಅಂದರೆ ಎರಡು ಟ್ಯಾಂಕಿನಷ್ಟು ಮುಂದೆ ಖಾಲಿ ಗಾಳಿಗೆ ಗುರಿ ಇಡಬೇಕು. ದೂರ ಮತ್ತು ವೇಗ ಎರಡನ್ನೂ ಕಣ್ಣಂದಾಜಿನಲ್ಲೇ ಹಿಡಿಯಬೇಕು. ನನ್ನ ಪ್ರಕಾರ ಈ ಶಸ್ತ್ರದ ನಿಜವಾದ ಕಷ್ಟ ಇದೇ. ಸ್ವೀಡನ್ನಿನ 84 ಎಂಎಂ ಎಟಿ4 ವೇಗವನ್ನು ಸೆಕೆಂಡಿಗೆ 285 ಮೀಟರ್ ಹತ್ತಿರ ಒಯ್ದು ಆ ಅಂದಾಜನ್ನು ಹಗುರ ಮಾಡಿತು, ಆದರೆ ತೂಕ ಆರೂವರೆ ಕಿಲೋ ದಾಟಿತು. ಬ್ರಿಟನ್ ಮತ್ತು ಸ್ವೀಡನ್ ಸೇರಿ ತಂದ ಬಿಸಾಡುವ ಕ್ಷಿಪಣಿ ಎನ್‌ಲಾ (NLAW) ಬೇರೆ ದಾರಿ ಹಿಡಿಯಿತು: ಜವಾನ ಎರಡು-ಮೂರು ಸೆಕೆಂಡು ಟ್ಯಾಂಕನ್ನು ಗುರಿಯಲ್ಲೇ ಹಿಂಬಾಲಿಸಿದರೆ, ಅದು ಎಲ್ಲಿರುತ್ತದೆ ಎಂಬುದನ್ನು ಯಂತ್ರವೇ ಲೆಕ್ಕ ಹಾಕುತ್ತದೆ. ಕ್ಷಿಪಣಿ ಟ್ಯಾಂಕಿನ ಮೇಲಿಂದ ಹಾದು, ಕವಚ ತೆಳುವಿರುವ ನೆತ್ತಿಗೆ ಹೊಡೆಯುತ್ತದೆ. ತೂಕ 12.5 ಕಿಲೋ, ದೂರ 20ರಿಂದ 800 ಮೀಟರ್.

ನೆಲದ ವಿಚಾರಕ್ಕೆ ನಮ್ಮ ಸೀಮೆಯನ್ನೇ ತೆಗೆದುಕೊಳ್ಳಿ. ಅಣ್ಣಿಗೇರಿಯಿಂದ ನವಲಗುಂದದ ಕಡೆ ಎರೆಹೊಲದಲ್ಲಿ ನಿಂತರೆ ಕಣ್ಣು ಹಾಯುವಷ್ಟೂ ಬಯಲು. ಟ್ಯಾಂಕಿನ ತೋಪು ಎರಡು ಕಿಲೋಮೀಟರ್ ಆಚೆಯಿಂದಲೇ ಹೊಡೆಯಬಲ್ಲದು, ಅಂಥಲ್ಲಿ 200-300 ಮೀಟರಿನ ಕೊಳವೆ ಹಿಡಿದವನಿಗೆ ಅವಕಾಶವೇ ಸಿಗದು. ಬೇಸಿಗೆಯಾದರಂತೂ ಹಿಂದಕ್ಕೆ ಚಿಮ್ಮುವ ಬಿಸಿ ಅನಿಲಕ್ಕೆ ಕರಿಮಣ್ಣಿನ ಧೂಳೆದ್ದು, ಹಾರಿಸಿದವನ ಜಾಗ ಎದುರಿನವರಿಗೆ ತಾನೇ ಗೊತ್ತಾಗುತ್ತದೆ. ಅದೇ ಬೆಣ್ಣಿಹಳ್ಳದ ದಂಡೆಯ ಮರೆಯಲ್ಲೋ ಹಳೇ ಹುಬ್ಬಳ್ಳಿಯ ಓಣಿಗಳಂಥ ಜಾಗದಲ್ಲೋ ನೋಟವೇ 50 ಮೀಟರ್ ದಾಟದು, ಅಲ್ಲಿ ಸಂಕಟ ಟ್ಯಾಂಕಿಗೆ. 1994ರ ಕೊನೆಯಲ್ಲಿ ರಷ್ಯನ್ ಟ್ಯಾಂಕುಗಳು ಚೆಚೆನ್ಯಾದ ರಾಜಧಾನಿ ಗ್ರೋಜ್ನಿಗೆ ನುಗ್ಗಿದಾಗ ಆದದ್ದು ಇದೇ. ಚೆಚೆನ್ನರು ನೆಲಮಾಳಿಗೆಯಿಂದ, ಮೇಲಂತಸ್ತಿನಿಂದ, ಒಂದೇ ವಾಹನಕ್ಕೆ ಹಲವರು ಸೇರಿ ಹೊಡೆದರು. ರಷ್ಯನ್ ಟ್ಯಾಂಕುಗಳ ತೋಪು ಅಷ್ಟು ಮೇಲಕ್ಕೂ ಏಳಲಿಲ್ಲ, ಅಷ್ಟು ಕೆಳಕ್ಕೂ ಬಾಗಲಿಲ್ಲ.

ಕೋಣೆಯೊಳಗಿಂದ ಹಾರಿಸುವುದು ಮಾತ್ರ ಬೇರೆಯೇ ಅಪಾಯ. ಹಿಂದಿನ ಗೋಡೆಗೆ ಬಡಿದ ಒತ್ತಡ ಹಾರಿಸಿದವನ ಮೇಲೇ ತಿರುಗಿ ಬರುತ್ತದೆ. ಇಕ್ಕಟ್ಟಿನ ಜಾಗದಿಂದ ಹಾರಿಸಲೆಂದೇ ಮಾಡಿದ ಎಟಿ4ರ ಸಿಎಸ್ ಮಾದರಿಯಲ್ಲಿ ಅನಿಲದ ಜೊತೆ ಉಪ್ಪುನೀರು ಹಿಂದಕ್ಕೆ ಚಿಮ್ಮಿ ಆ ಹೊಡೆತವನ್ನು ತಗ್ಗಿಸುತ್ತದೆ. ಭಾರತದ ಸೇನಾಪಡೆಗಳಿಗೆ ಎಟಿ4 ಆಯ್ಕೆಯಾದ ಸುದ್ದಿ 2022ರ ಜನವರಿಯಲ್ಲಿ ಬಂತು, ಸಿಎಸ್ ಮಾದರಿ ಅದರಲ್ಲಿದೆ.

ಒಮ್ಮೆ ಹಾರಿಸಿದರೆ ಮುಗಿಯುವ ಶಸ್ತ್ರದಲ್ಲಿ ಅಭ್ಯಾಸ ದುಬಾರಿ. ಅದಕ್ಕೇ ಎಟಿ4ರ ತರಬೇತಿ ಕೊಳವೆಯಲ್ಲಿ ಅಸಲಿ ಗುಂಡಿನ ದಾರಿಯನ್ನೇ ಹಿಡಿಯುವ 9 ಎಂಎಂ ಟ್ರೇಸರ್ (ಉರಿಯುತ್ತಾ ಹೋಗಿ ತನ್ನ ದಾರಿ ಕಣ್ಣಿಗೆ ತೋರಿಸುವ) ಗುಂಡು ಹಾರಿಸುತ್ತಾರೆ. ಎಷ್ಟು ಮುಂದೆ ಗುರಿ ಇಡಬೇಕೆಂಬುದು ಇದರಿಂದ ಕೈಗೆ ಹತ್ತುತ್ತದೆ. ಹಿಂಬದಿಯ ಬೆಂಕಿ ಮಾತ್ರ ಅದರಲ್ಲಿಲ್ಲ. ಹೀಗಾಗಿ ಹಾರಿಸುವ ಮೊದಲು ತಿರುಗಿ ಹಿಂದೆ ಯಾರಿದ್ದಾರೆ, ಎಷ್ಟು ಹತ್ತಿರ ಗೋಡೆಯಿದೆ ಎಂದು ನೋಡುವುದನ್ನು ಬೇರೆಯಾಗಿಯೇ ರೂಢಿ ಮಾಡಿಸಬೇಕಾಗುತ್ತದೆ.