15 ಡಾಲರಿನ ಸಿಡಿ, 30 ಡಾಲರಿನ ಟೀ ಶರ್ಟ್: ಬ್ಲೂಗ್ರಾಸ್ ಕಛೇರಿಯ ಮೇಜಿನ ಲೆಕ್ಕ

ಬ್ಯಾಂಜೊ, ಫಿಡಲ್, ಮ್ಯಾಂಡೊಲಿನ್, ಗಿಟಾರುಗಳ ಅಮೆರಿಕದ ಸಂಗೀತವಾದ ಬ್ಲೂಗ್ರಾಸ್ ಕಛೇರಿ ಕೇಳಿ ಹೊರಬಂದವರ ಗೊಣಗಾಟ ಸಾಮಾನ್ಯವಾಗಿ ಎರಡೇ. ಬ್ಯಾಂಜೊ ಅಲ್ಲಲ್ಲಿ ಕೇಳಿಸಲೇ ಇಲ್ಲ ಅನ್ನುವುದು ಒಂದು. ಬಾಗಿಲ ಹತ್ತಿರ ತಂಡದ ಸಿಡಿ, ಬಟ್ಟೆ ಮಾರುವ ಮೇಜಿನಲ್ಲಿ ಟೀ ಶರ್ಟಿಗೆ 30 ಡಾಲರ್ ಕೇಳಿದರು ಅನ್ನುವುದು ಇನ್ನೊಂದು. ಮೊದಲನೆಯದನ್ನು ಬೇಗ ಮುಗಿಸಿಬಿಡೋಣ.

ಇದು ರೇಡಿಯೊ ಕಾಲದಲ್ಲಿ ಹುಟ್ಟಿದ ಸಂಗೀತ. 1945ರ ಡಿಸೆಂಬರಿನಲ್ಲಿ ಬಿಲ್ ಮನ್ರೋ ಅವರ ತಂಡಕ್ಕೆ ಅರ್ಲ್ ಸ್ಕ್ರಗ್ಸ್ ಬಂದು, ಮೂರು ಬೆರಳಲ್ಲಿ ಮೀಟುವ ಅವರ ಬ್ಯಾಂಜೊ ಸೇರಿಕೊಂಡಾಗ ಇಂದಿನ ರೂಪ ಗಟ್ಟಿಯಾಯಿತು. ಆಗ ಗ್ರ್ಯಾಂಡ್ ಓಲ್ ಆಪ್ರಿ ಎಂಬ ರೇಡಿಯೊ ಸಂಗೀತ ಕಾರ್ಯಕ್ರಮ ನಡೆಯುತ್ತಿದ್ದದ್ದು ನ್ಯಾಶ್‌ವಿಲ್ಲಿನ ರೈಮನ್ ಸಭಾಂಗಣದಲ್ಲಿ. ಎಲ್ಲರೂ ಒಂದೇ ಮೈಕಿನ ಸುತ್ತ ನಿಂತು ನುಡಿಸುವ ಆ ಕಾಲದ ಪದ್ಧತಿಯನ್ನು ಕೆಲವು ತಂಡಗಳು ಈಗಲೂ ಬಿಟ್ಟಿಲ್ಲ. ಡೆಲ್ ಮೆಕೌರಿ ಅವರ ತಂಡ ಅದಕ್ಕೇ ಹೆಸರುವಾಸಿ. ಇಲ್ಲಿ ದನಿ ಏರಿಸಿ ಇಳಿಸುವ ಗುಂಡಿ ಅಂದರೆ ಕಾಲು. ಮೈಕಿನಿಂದ ಒಂದಡಿ ದೂರ ಇದ್ದವರು ಎರಡಡಿಗೆ ಸರಿದರೆ ನೇರ ದನಿ 6 ಡೆಸಿಬೆಲ್ ಇಳಿಯುತ್ತದೆ. ಫಿಡಲ್‌ನವರು ತಮ್ಮ ಸರದಿ ಮುಗಿಸಿ ಎಡಕ್ಕೆ ಸರಿಯುತ್ತಿದ್ದಂತೆ ಬ್ಯಾಂಜೊದವರು ಬಲದಿಂದ ನುಗ್ಗಬೇಕು. ಗಿಟಾರಿನವರು ವಾದ್ಯವನ್ನು ಎದೆಯ ಮಟ್ಟಕ್ಕೆ ಎತ್ತಿ ಅದರ ಬಾಯಿಯನ್ನು ಮೈಕಿಗೆ ಒಡ್ಡಬೇಕು. ಮ್ಯಾಂಡೊಲಿನ್ ಅಷ್ಟು ಹೊತ್ತೂ ಹಿಂದೆ ನಿಂತು ಎರಡನೇ ಮತ್ತು ನಾಲ್ಕನೇ ಪೆಟ್ಟಿಗೆ 'ಚಾಪ್', ಅಂದರೆ ತಾಳದ ಮೊಟಕು ಮೀಟು, ಕೊಡುತ್ತಿರಬೇಕು. ಒಬ್ಬರು ಅರ್ಧ ಹೆಜ್ಜೆ ತಡಮಾಡಿದರೆ ಬ್ಯಾಂಜೊದ ಮೊದಲ ಎರಡು ಸಾಲು ಗಾಳಿಗೆ ಹೋಗುತ್ತವೆ. ಹಿಂದಿನ ಸಾಲಿನವರು ಕೇಳುತ್ತಿಲ್ಲ ಎಂದು ಕೂಗಿದರೆಂದು ಧ್ವನಿವರ್ಧಕದವರು ಮಟ್ಟ ಏರಿಸಿದರೋ, ಮೈಕ್ ಕೂಗಿಕೊಳ್ಳುತ್ತದೆ. ಹಾಗಾಗಿ ಇಂಥ ಕಛೇರಿಗೆ ಟಿಕೆಟ್ ತೆಗೆಯುವಾಗ ಮುಂದಿನ ಮೂರನೇ ಒಂದು ಭಾಗದ, ನಡುವಿನ ಸೀಟು ಹಿಡಿಯಿರಿ. ಪಕ್ಕದಲ್ಲಿ ಬಾರ್ ಇರುವ ಜಾಗವಂತೂ ಬೇಡವೇ ಬೇಡ.

ಈಗ ಮೇಜಿಗೆ ಬರೋಣ. ಐದು ಜನ, ಒಂದು ವ್ಯಾನು. ಡ್ರಮ್ಸ್ ಇಲ್ಲ, ದೀಪದ ಲಾರಿ ಇಲ್ಲ. ಮೇಜಿನ ಹಿಂದೆ ನಿಂತವರೂ ಎಷ್ಟೋ ಸಲ ಅದೇ ಐವರಲ್ಲಿ ಒಬ್ಬರು. ಆದ್ದರಿಂದ ಬೆಲೆಯ ಚೀಟಿ ನೋಡಿದಾಗ ಕೇಳಬೇಕಾದ ಪ್ರಶ್ನೆ, ಇದರಲ್ಲಿ ಆ ಐವರಿಗೆ ಉಳಿಯುವುದೆಷ್ಟು ಎಂಬುದು.

ಅಮೆರಿಕದ ಕೆಂಟಕಿ ರಾಜ್ಯದಲ್ಲೇ ಒಂದು ಲೆಕ್ಕ ಹಾಕಿ ನೋಡಿ. ಅಲ್ಲಿ ಮಾರಾಟ ತೆರಿಗೆ ಶೇ 6, ಅದರ ಮೇಲೆ ಊರಿನ ಸೇರ್ಪಡೆ ಇಲ್ಲ. 30 ಡಾಲರ್ ಟೀ ಶರ್ಟಿನ ಬೆಲೆಯಲ್ಲೇ ತೆರಿಗೆ ಸೇರಿದ್ದರೆ 1.70 ಡಾಲರ್ ಸರ್ಕಾರಕ್ಕೆ. ಉಳಿದ 28.30ರಲ್ಲಿ ಸಭಾಂಗಣದವರು ಮಾರಾಟದ ಮೇಲೆ ಕೇಳುವ ಪಾಲು ಶೇ 20 ಎಂದಿಟ್ಟುಕೊಂಡರೆ 5.66 ಹೋಯಿತು. ಕಾರ್ಡ್ ಉಜ್ಜಿದ್ದಕ್ಕೆ ಸುಮಾರು ಶೇ 3, ಅಂದರೆ 90 ಸೆಂಟ್. ಬಟ್ಟೆ, ಮುದ್ರಣ ಸೇರಿ 9 ಡಾಲರ್. ಕೊನೆಗೆ ಉಳಿದದ್ದು 12.74. ಐವರು ಹಂಚಿಕೊಂಡರೆ ತಲೆಗೆ ಎರಡೂವರೆ ಡಾಲರ್ ಚಿಲ್ಲರೆ.

ಸಿಡಿಗೆ 15 ಡಾಲರ್. ತೆರಿಗೆ 85 ಸೆಂಟ್. ಧ್ವನಿಮುದ್ರಣಗಳ ಮೇಲೆ ಸಭಾಂಗಣಗಳು ಟೀ ಶರ್ಟಿಗಿಂತ ಕಡಿಮೆ ಪಾಲು ಕೇಳುವುದು ರೂಢಿ. ಶೇ 10 ಹಿಡಿದರೆ 1.42. ಕಾರ್ಡಿಗೆ 45 ಸೆಂಟ್, ಮಾಡಿಸಿದ ಖರ್ಚು 2 ಡಾಲರ್. ಬೇರೆಯವರ ಹಾಡು ಹಾಡಿದ್ದರೆ ಪ್ರತಿಯೊಂದಕ್ಕೂ ರಾಯಧನ ಬೇರೆ ಕಟ್ಟಬೇಕು. ಅಮೆರಿಕದ ಕಾನೂನಿನ ದರ 2006ರಿಂದ 2022ರವರೆಗೆ 9.1 ಸೆಂಟಿನಲ್ಲೇ ನಿಂತಿತ್ತು. 2023ರಲ್ಲಿ 12 ಸೆಂಟ್ ಆಯಿತು, 2025ರಲ್ಲಿ 12.7. ಐದು ನಿಮಿಷ ಮೀರದ ಹಾಡಿಗೆ ಈ ದರ. 2025ರ ದರದಲ್ಲಿ ಅಂಥ ಐದು ಹಾಡಿದ್ದರೆ 64 ಸೆಂಟ್. ಹಕ್ಕುಸ್ವಾಮ್ಯ ಮುಗಿದ ಹಳೆಯ ಜನಪದ ಹಾಡುಗಳಿಗೆ ಇದು ಬೇಕಿಲ್ಲ. ಬ್ಲೂಗ್ರಾಸ್ ತಂಡಗಳ ಸಿಡಿಯಲ್ಲಿ 'ಸಾಂಪ್ರದಾಯಿಕ' ಎಂಬ ಪದ ಪದೇಪದೇ ಕಾಣುವುದಕ್ಕೆ ಭಕ್ತಿಯೊಂದೇ ಕಾರಣ ಅಲ್ಲ! ಎಲ್ಲ ಕಳೆದು ಉಳಿಯುವುದು 9.64.

ಎಲ್‌ಪಿ, ಅಂದರೆ ಗ್ರಾಮಫೋನಿನ ದೊಡ್ಡ ತಟ್ಟೆ ನೋಡಿ. ಬೆಲೆ 30. ಸಣ್ಣ ಸಂಖ್ಯೆಯಲ್ಲಿ ಒತ್ತಿಸಿದರೆ ತಟ್ಟೆಯೊಂದಕ್ಕೆ 12 ಡಾಲರ್ ಬೀಳಬಹುದು. ಅದೇ ದರದ ತೆರಿಗೆ, ಅದೇ ಶೇ 10, ಕಾರ್ಡಿನ ಅದೇ ಶೇ 3, ಅದೇ ರಾಯಧನ ಕಳೆದರೆ 11.93. ನೀವು ಎರಡರಷ್ಟು ದುಡ್ಡು ಕೊಟ್ಟಿರಿ, ತಂಡಕ್ಕೆ ಸಿಕ್ಕಿದ್ದು ಸಿಡಿಗಿಂತ ಸುಮಾರು ಎರಡು ಡಾಲರ್ ಮೂವತ್ತು ಸೆಂಟ್ ಹೆಚ್ಚು, ಅಷ್ಟೇ. ದೊಡ್ಡ ತಟ್ಟೆಯ ಮೇಲೆ ಪ್ರೀತಿಯಿದ್ದರೆ ಕೊಳ್ಳಿ. ತಂಡಕ್ಕೆ ನೆರವಾಗಲಿ ಅನ್ನುವುದೇ ಉದ್ದೇಶವಾದರೆ ಅದೇ 30 ಡಾಲರಿಗೆ ಎರಡು ಸಿಡಿ ತೆಗೆದುಕೊಂಡು ಒಂದನ್ನು ಗೆಳೆಯರಿಗೆ ಕೊಡುವುದು ಎಷ್ಟೋ ಮೇಲು. ಒಂದು ಎಚ್ಚರಿಕೆ: ತಂಡ ಸ್ವಂತ ಖರ್ಚಿನಲ್ಲಿ ಮಾಡಿಸಿದ ಸಿಡಿಗೆ ಮಾತ್ರ ಈ ಲೆಕ್ಕ. ರೆಕಾರ್ಡ್ ಕಂಪನಿಯದಾದರೆ ತಂಡವೇ ಅದನ್ನು ಕಂಪನಿಯಿಂದ ಸಗಟು ದರಕ್ಕೆ ಕೊಂಡು ತಂದಿರುತ್ತದೆ, ಉಳಿಕೆ ಕುಗ್ಗುತ್ತದೆ.

ನಗದು ಕೊಟ್ಟರೆ ಸಭಾಂಗಣದ ಪಾಲು ತಪ್ಪುತ್ತದೆ ಅನ್ನುವುದು ಅಭಿಮಾನಿಗಳ ನಡುವೆ ಓಡಾಡುವ ಹುಸಿ ನಂಬಿಕೆ. ಬಾಗಿಲು ತೆರೆಯುವ ಮೊದಲು ಪೆಟ್ಟಿಗೆಗಳನ್ನು ಎಣಿಸಿ ಬರೆದುಕೊಂಡು, ರಾತ್ರಿ ಉಳಿದದ್ದನ್ನು ಎಣಿಸಿ, ಕಡಿಮೆಯಾದಷ್ಟಕ್ಕೆ ಪಾಲು ತೆಗೆಯುತ್ತಾರೆ. ನಗದಿನಿಂದ ಉಳಿಯುವುದು ಕಾರ್ಡಿನ ಶುಲ್ಕ ಮಾತ್ರ. ಅದೂ ಸಣ್ಣದಲ್ಲ. ಬೆಟ್ಟದ ಕಣಿವೆಯ ಉತ್ಸವಗಳಲ್ಲಿ ಫೋನಿನ ಸಿಗ್ನಲ್ ಹೋಗಿ ಕಾರ್ಡ್ ಯಂತ್ರ ಮಲಗಿದಾಗ ಕೈಯಲ್ಲಿರುವ ನೋಟೇ ಗತಿ. 5 ಮತ್ತು 10ರ ನೋಟು ಇಟ್ಟುಕೊಂಡಿರಿ. 100ರ ನೋಟು ಚಾಚಿದರೆ ಸಾಲೆಲ್ಲ ನಿಂತುಬಿಡುತ್ತದೆ.

2023ರಲ್ಲಿ ಕಛೇರಿಗಳನ್ನು ನಡೆಸುವ ದೊಡ್ಡ ಕಂಪನಿ ಲೈವ್ ನೇಷನ್ ತಾನು ನಡೆಸುವ ಹಲವು ಕ್ಲಬ್ಬುಗಳಲ್ಲಿ ಸಭಾಂಗಣದ ಈ ಪಾಲು ಕೇಳುವುದನ್ನು ಬಿಟ್ಟಿತು. ದೊಡ್ಡ ಬಯಲು ರಂಗಗಳಿಗೆ ಅದು ಅನ್ವಯಿಸಲಿಲ್ಲ. ಒಂದೇ ಟೀ ಶರ್ಟ್ ಒಂದೂರಿನಲ್ಲಿ 30, ಇನ್ನೊಂದರಲ್ಲಿ 40 ಇದ್ದರೆ ತಂಡದವರ ಮೇಲೆ ಹರಿಹಾಯುವ ಮೊದಲು ಅಲ್ಲಿ ಪಾಲು ಎಷ್ಟು ಶೇಕಡಾ ಎಂದು ಮೆಲ್ಲಗೆ ಕೇಳಿ. ಮೇಜಿನವರು ಬಹಳ ಸಲ ಮುಚ್ಚಿಡುವುದಿಲ್ಲ. ಪಾಲು ವಿಪರೀತ ಇದ್ದರೆ ತಂಡದ ಜಾಲತಾಣದಿಂದಲೇ ತರಿಸಿಕೊಳ್ಳಿ. ಸಿಡಿ, ಎಲ್‌ಪಿಗಳು ಅಮೆರಿಕದ ಅಂಚೆಯ ಅಗ್ಗದ ಮೀಡಿಯಾ ಮೇಲ್‌ನಲ್ಲಿ ಬರುತ್ತವೆ. ಟೀ ಶರ್ಟಿಗೆ ಆ ಸೌಲಭ್ಯ ಇಲ್ಲ.

ಟೀ ಶರ್ಟೇ ಬೇಕೆಂದರೆ ವಿರಾಮಕ್ಕೆ ಕಾಯದೆ ಕಛೇರಿ ಶುರುವಾಗುವ ಮೊದಲೇ ಹೋಗಿ. ಎಲ್ ಮತ್ತು ಎಕ್ಸ್ಎಲ್ ಅಳತೆ ಮೊದಲು ಖಾಲಿಯಾಗುತ್ತವೆ, ಕೊನೆಗೆ ಉಳಿಯುವುದು ಎಸ್. ಡಬಲ್ ಎಕ್ಸ್ಎಲ್ ಅಳತೆಗೆ ಎರಡು ಮೂರು ಡಾಲರ್ ಜಾಸ್ತಿ ಕೇಳಿದರೆ ಅದು ಮೋಸವಲ್ಲ, ಮುದ್ರಕರೇ ತಂಡಕ್ಕೆ ಹೆಚ್ಚು ಹಾಕಿರುತ್ತಾರೆ. ಸಿಡಿ, ಎಲ್‌ಪಿ ಮಾತ್ರ ಕಛೇರಿ ಮುಗಿದ ಮೇಲೆ ಕೊಳ್ಳಿ, ಆಗ ಸಹಿ ಹಾಕುವವರು ಅಲ್ಲೇ ಇರುತ್ತಾರೆ. ಸಹಿಗೆ ಮೊದಲು ಹೊರಗಿನ ಪ್ಲಾಸ್ಟಿಕ್ ಬಿಚ್ಚಿ. ಪ್ಲಾಸ್ಟಿಕ್ ಮೇಲೆ ಹಾಕಿದ ಸಹಿ ಅದರ ಜೊತೆಗೇ ಕಸದ ಬುಟ್ಟಿಗೆ ಹೋಗುತ್ತದೆ. ಬೆಳ್ಳಿ ಬಣ್ಣದ ಮಾರ್ಕರ್ ಆದರೆ ಒಂದೆರಡು ನಿಮಿಷ ಒಣಗಲು ಬಿಡಿ, ಇಲ್ಲದಿದ್ದರೆ ಹೆಬ್ಬೆಟ್ಟಿನ ಗುರುತೂ ಸಹಿಯ ಪಕ್ಕ ಉಳಿಯುತ್ತದೆ. ಬೇಸಿಗೆಯ ಉತ್ಸವದಲ್ಲಿ ಕೊಂಡ ಎಲ್‌ಪಿಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡಲೇಬೇಡಿ. ಸಂಜೆಯೊಳಗೆ ಬಾಗಿದ ತಟ್ಟೆಯನ್ನು ಯಾವ ಮೇಜಿನವರೂ ಬದಲಾಯಿಸಿ ಕೊಡುವುದಿಲ್ಲ.